ಬೆಳಿಗ್ಗೆ ಬೆರಳು ಮರಗಟ್ಟುತ್ತದೆ, ಮಧ್ಯಾಹ್ನ ತಲೆ ಸುತ್ತುತ್ತದೆ. ಬೈಕ್ ಓಡಿಸುವವರು ಏನು ಮಾಡುತ್ತೀರಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ಕೆಲಸ ಬದಲಾದ ಮೇಲೆ 3 ತಿಂಗಳಿಂದ ದಿನಾ ಬೈಕಿನಲ್ಲೇ ಓಡಾಡುತ್ತಿದ್ದೇನೆ. ಹೋಗಲು 55 ಕಿಲೋಮೀಟರ್, ಬರಲು 55. ಹೆಚ್ಚಿನದು ಹೆದ್ದಾರಿ, 70–80ರ ವೇಗದಲ್ಲಿ ಹೋಗುತ್ತೇನೆ. ಬೆಳಿಗ್ಗೆ 5:20ಕ್ಕೆ ಮನೆ ಬಿಡಬೇಕು. ಆ ಹೊತ್ತಿಗೆ 8–10 ಡಿಗ್ರಿ ಇರುತ್ತದೆ. ವಾಪಸ್ ಹೊರಡುವುದು ಮಧ್ಯಾಹ್ನ 3ಕ್ಕೆ. ಆಗ 33ರ ಹತ್ತಿರ. ಇನ್ನೆರಡು ತಿಂಗಳಲ್ಲಿ 40 ದಾಟುತ್ತದೆ.

ಹೋದ ವಾರ ಒಂದು ಸಿಗ್ನಲ್ ಹತ್ತಿರ ಕ್ಲಚ್ ಹಿಡಿಯಲು ಹೋದೆ. ಬೆರಳು ಮಡಚಲೇ ಇಲ್ಲ. ಬೈಕ್ ಗೇರಿನಲ್ಲೇ ಮುಂದೆ ಹೋಗಿ ಎದುರಿಗಿದ್ದ ಕಾರಿಗೆ ತಾಗಿ ಆಫ್ ಆಯಿತು. ಯಾರಿಗೂ ಏನೂ ಆಗಲಿಲ್ಲ. ಆದರೆ ಅವತ್ತಿನಿಂದ ನನಗೆ ಒಳಗೊಳಗೇ ಭಯ ಹಿಡಿದಿದೆ. ಮಧ್ಯಾಹ್ನದ ಕಥೆ ಇನ್ನೊಂದು. ಸೆಕೆ ತಡೆಯಲಾಗದೆ ಜಾಕೆಟ್ ಬಿಚ್ಚಿ ಟ್ಯಾಂಕ್ ಮೇಲೆ ಕಟ್ಟಿಕೊಂಡು ಬರುತ್ತೇನೆ. ಮನೆ ತಲುಪುವಷ್ಟರಲ್ಲಿ ತಲೆನೋವು. ಎರಡು ಸಲ ತಲೆ ಸುತ್ತಿದ ಹಾಗಾಗಿ ರಸ್ತೆ ಪಕ್ಕ ನಿಲ್ಲಿಸಿದ್ದೇನೆ.

ಈಗ ಬೆಳಿಗ್ಗೆ ಹಾಕಿಕೊಳ್ಳುವುದು ಇಷ್ಟು: ಹತ್ತಿ ಶರ್ಟ್, ಅದರ ಮೇಲೆ ತೆಳು ಜಾಕೆಟ್, ಅದರ ಮೇಲೆ ದಪ್ಪ ಉಣ್ಣೆ ಸ್ವೆಟರ್, ತೆಳು ಚರ್ಮದ ಗ್ಲೌಸ್. ಹೆಲ್ಮೆಟ್ ಪೂರ್ತಿ ಮುಖ ಮುಚ್ಚುವಂಥದ್ದು. ಆದರೆ ಬೆಳಿಗ್ಗೆ ವೈಸರ್ ತುಂಬ ಹಬೆ ಕಟ್ಟುತ್ತದೆ. ಕೆಲಸ ಬಿಡುವ ಹಾಗಿಲ್ಲ, ಬಸ್ಸೂ ಇಲ್ಲ. ವರ್ಷಗಟ್ಟಲೆ ಓಡಿಸಿದವರು ದಯವಿಟ್ಟು ಹೇಳಿ.

ಉತ್ತರ 1

ಸ್ವೆಟರ್ ಇನ್ನೊಂದು ಹಾಕಿ. ಗ್ಲೌಸ್ ಒಂದರ ಮೇಲೊಂದು ಎರಡು ಜೊತೆ, ಸಾಕ್ಸ್ ಕೂಡ ಎರಡು ಜೊತೆ. ನಾನು ಹಾಗೇ ಮಾಡುತ್ತೇನೆ. ಮಧ್ಯಾಹ್ನಕ್ಕೆ ಏನೂ ಮಾಡಲು ಆಗುವುದಿಲ್ಲ, ಸ್ವಲ್ಪ ವೇಗವಾಗಿ ಹೋದರೆ ಗಾಳಿ ಸಿಗುತ್ತದೆ.

ಉತ್ತರ 2

ನಿಮ್ಮ ಪ್ರಶ್ನೆ ಓದಿ ಸುಮ್ನೆ ಮುಂದೆ ಹೋಗಲು ಆಗಲಿಲ್ಲ. ನಾನು 9 ವರ್ಷ ದಿನಾ ಬೆಳಗಿನ ಜಾವ 3ಕ್ಕೆ ಪತ್ರಿಕೆ ಬಂಡಲ್ ಹೇರಿಕೊಂಡು ಬೈಕಿನಲ್ಲಿ ಹೊರಡುತ್ತಿದ್ದವನು. ನಿಮಗೆ ಸಿಗ್ನಲ್‌ನಲ್ಲಿ ಆಗಿದ್ದು ನನಗೆ ತಿರುವಿನಲ್ಲಿ ಆಯಿತು. ಬ್ರೇಕ್ ಹಿಡಿದೆ ಅಂದುಕೊಂಡೆ. ನಿಜವಾಗಿ ಬೆರಳು ಲಿವರ್ ಮೇಲೆ ಸುಮ್ಮನೆ ಕೂತಿತ್ತು ಅಷ್ಟೇ, ಒತ್ತಿರಲಿಲ್ಲ. ರಸ್ತೆ ಬಿಟ್ಟು ಕೆಳಗೆ ಹೋದೆ. ಕತ್ತಿನ ಕೆಳಗಿನ ಕಾಲರ್ ಮೂಳೆ ಮುರಿಯಿತು.

ಆಮೇಲೆ ಯೋಚಿಸಿದರೆ ಅದಕ್ಕೂ ಮುಂಚೆಯೇ ಗುರುತು ಸಿಕ್ಕಿತ್ತು. ದಿನಾ ಬಂಡಲ್ ಇಳಿಸುವ ಒಂದು ಜಾಗವನ್ನು ಅವತ್ತು ದಾಟಿ ಹೋಗಿದ್ದೆ, ಗೊತ್ತೇ ಆಗಿರಲಿಲ್ಲ. ಅದರ ಹಿಂದಿನ ಅಂಗಡಿಯವರು ಏನೋ ಕೇಳಿದಾಗ ನಾಲಗೆ ಸರಿಯಾಗಿ ಹೊರಳಿರಲಿಲ್ಲ. ಚಳಿ ಬೆರಳನ್ನು ಹಿಡಿಯುತ್ತದೆ ಅಂತ ಎಲ್ಲರಿಗೂ ಗೊತ್ತು. ಅದರ ಜೊತೆಗೇ ತಲೆಯನ್ನೂ ಮಂಕು ಮಾಡುತ್ತದೆ. ಮಂಕಾದ ತಲೆಗೆ ತಾನು ಮಂಕಾಗಿದ್ದೇನೆ ಅಂತ ತಿಳಿಯುವುದಿಲ್ಲ. ಬಿಸಿಲಿನಲ್ಲೂ ಇದೇ ಕಥೆ. ಹಾಗಾಗಿ ತಡೆದುಕೊಂಡು ಹೋಗುತ್ತೇನೆ ಅನ್ನುವ ಮಾತನ್ನು ಬೈಕ್ ಮೇಲೆ ಇಟ್ಟುಕೊಳ್ಳಬೇಡಿ.

ಮೇಲೆ ಉತ್ತರ ಕೊಟ್ಟವರು ಬೇಸರ ಮಾಡಿಕೊಳ್ಳಬಾರದು, ಎರಡು ಜೊತೆ ಗ್ಲೌಸ್ ವಿಷಯ ನನಗೆ ಒಪ್ಪಿಗೆ ಇಲ್ಲ. ಬೆರಳಿಗೆ ಬಿಸಿ ಬರುವುದು ರಕ್ತದಿಂದ. ಒಂದರ ಮೇಲೊಂದು ತುರುಕಿದರೆ ಬಿಗಿಯಾಗುತ್ತದೆ, ರಕ್ತ ಓಡುವುದಿಲ್ಲ, ಇನ್ನೂ ಬೇಗ ತಣ್ಣಗಾಗುತ್ತದೆ. ಬೂಟಿನೊಳಗೆ ಎರಡು ಸಾಕ್ಸ್ ತುರುಕಿದರೂ ಹಾಗೇ. ಜೊತೆಗೆ ಲಿವರ್ ಎಷ್ಟು ಒತ್ತಿದ್ದೇವೆ ಅನ್ನುವ ಅಂದಾಜು ಕೈಗೆ ಸಿಗುವುದಿಲ್ಲ.

ಈಗ ಮುಖ್ಯ ವಿಷಯ. ಬೈಕಿನಲ್ಲಿ ಚಳಿ ಅಂದರೆ ಗಾಳಿ. ಮೈ ಸುತ್ತ ಬೆಚ್ಚಗಿನ ಗಾಳಿಯ ತೆಳು ಪದರ ಯಾವಾಗಲೂ ಇರುತ್ತದೆ. ಓಡುವ ಬೈಕಿನಲ್ಲಿ ಅದು ಕ್ಷಣಕ್ಷಣಕ್ಕೂ ಕಿತ್ತುಹೋಗುತ್ತದೆ. ಕೆನಡಾ ಮತ್ತು ಅಮೆರಿಕದ ಹವಾಮಾನ ಇಲಾಖೆಗಳು 2001ರಿಂದ ಬಳಸುತ್ತಿರುವ ಒಂದು ಸೂತ್ರ ಇದೆ. ಗಾಳಿ ಬೀಸುವಾಗ ಬರಿ ಚರ್ಮಕ್ಕೆ ಎಷ್ಟು ಚಳಿ ಅನಿಸುತ್ತದೆ ಅನ್ನುವ ಲೆಕ್ಕ ಅದು. ಅದರ ಪ್ರಕಾರ 10 ಡಿಗ್ರಿಯಲ್ಲಿ 80ರ ವೇಗದ ಗಾಳಿ ಸುಮಾರು 4 ಡಿಗ್ರಿ ಅನಿಸುತ್ತದೆ. 8 ಇದ್ದರೆ 2ರ ಹತ್ತಿರ. 5 ಇದ್ದರೆ ಸೊನ್ನೆಗಿಂತ 3 ಕೆಳಗೆ. ನೀವು ದಿನಾ ಮುಕ್ಕಾಲು ಗಂಟೆ ಆ ಗಾಳಿಯಲ್ಲಿ ಇರುತ್ತೀರಿ.

ನಿಮ್ಮ ಬಟ್ಟೆ ಕಡಿಮೆ ಇಲ್ಲ, ಹಾಕಿಕೊಳ್ಳುವ ಕ್ರಮ ತಿರುವುಮುರುವಾಗಿದೆ. ಉಣ್ಣೆ ಸ್ವೆಟರ್ ಎಲ್ಲಕ್ಕಿಂತ ಹೊರಗೆ ಇದ್ದರೆ ಗಾಳಿ ಅದರೊಳಗೆ ಜರಡಿಯಲ್ಲಿ ನೀರು ಹೋದ ಹಾಗೆ ಹೋಗುತ್ತದೆ. ಅದು ಒಳಗೆ ಇರಬೇಕು. ಹೊರಗೆ ಗಾಳಿ ನುಗ್ಗದ ಬಟ್ಟೆ ಬೇಕು. ದುಡ್ಡು ಖರ್ಚು ಮಾಡುವ ಮುಂಚೆ ಒಂದು ಕೆಲಸ ಮಾಡಿ ನೋಡಿ. ನಿಮ್ಮ ಮಳೆ ಜಾಕೆಟ್ಟನ್ನೇ ಎಲ್ಲದರ ಮೇಲೆ ಹಾಕಿಕೊಂಡು ಒಂದು ದಿನ ಹೋಗಿ. ಫರಕು ಅವತ್ತೇ ಗೊತ್ತಾಗುತ್ತದೆ. ಮೈಗೆ ತಾಗುವ ಬಟ್ಟೆ ಮಾತ್ರ ಹತ್ತಿ ಬೇಡ. ಹತ್ತಿ ಬೆವರು ಹೀರಿಕೊಂಡು ಒದ್ದೆಯಾಗಿಯೇ ಕೂತಿರುತ್ತದೆ, ಒದ್ದೆ ಬಟ್ಟೆ ಬಿಸಿ ಹಿಡಿಯುವುದಿಲ್ಲ. ಆಟಗಾರರು ಹಾಕುವಂಥ ಪಾಲಿಯೆಸ್ಟರ್ ಬನಿಯನ್ ಅಥವಾ ತೆಳು ಮೆರಿನೋ ಉಣ್ಣೆಯದು ಒಳ್ಳೆಯದು.

ನನ್ನ ಹತ್ತಿರ ಒಳ್ಳೆ ಜಾಕೆಟ್ ಇಲ್ಲದ ಕಾಲದಲ್ಲಿ ಬಂಡಲಿನಿಂದ ಉಳಿದ ಪತ್ರಿಕೆಯನ್ನು ಮಡಚಿ ಎದೆಗೆ ಇಟ್ಟುಕೊಂಡು ಜಿಪ್ ಎಳೆಯುತ್ತಿದ್ದೆ. 6–7 ಹಾಳೆ ಸಾಕು. ಸೈಕಲ್ ರೇಸ್ ಓಡುವವರು ಬೆಟ್ಟ ಇಳಿಯುವಾಗ ಮಾಡುತ್ತಿದ್ದದ್ದೂ ಇದನ್ನೇ. ಗಾಳಿ ತಡೆಯುತ್ತದೆ, ಹಾಳೆಗಳ ನಡುವೆ ಬಿಸಿ ನಿಲ್ಲುತ್ತದೆ. ಬಿಸಿಲು ಬಂದ ಮೇಲೆ ತೆಗೆದು ಎಸೆದರಾಯಿತು. ಇವತ್ತಿಗೂ ಸೀಟಿನ ಕೆಳಗೆ ಒಂದು ಪತ್ರಿಕೆ ಇಟ್ಟಿರುತ್ತೇನೆ.

ಆಮೇಲೆ ಕತ್ತು. ಜಾಕೆಟ್ ಕಾಲರಿಗೂ ಹೆಲ್ಮೆಟ್ಟಿಗೂ ನಡುವೆ ಎರಡು ಬೆರಳಷ್ಟು ಜಾಗ ಬಿಟ್ಟಿದ್ದರೆ ಅಲ್ಲಿಂದಲೇ ಅರ್ಧ ಚಳಿ ಒಳಗೆ ಇಳಿಯುತ್ತದೆ. ಕತ್ತಿಗೆ ಬಟ್ಟೆಯ ಕೊಳವೆಯಂಥ ಪಟ್ಟಿ ಸಿಗುತ್ತದೆ, ಹಾಕಿಕೊಂಡು ಕಾಲರ್ ಒಳಗೆ ತೂರಿಸಿ. ಉದ್ದ ಶಾಲು ಬೇಡ. ತುದಿ ಬಿಚ್ಚಿ ಹಾರಿ ಚಕ್ರಕ್ಕೆ ಸಿಕ್ಕರೆ ಕಷ್ಟ.

ಕೈಯ ವಿಷಯಕ್ಕೆ ಕೊನೆಗೆ ಬಂದೆ, ಯಾಕೆಂದರೆ ಕೈ ಬೆಚ್ಚಗಾಗುವುದು ಎದೆಯಿಂದ. ಎದೆ ಹೊಟ್ಟೆ ತಣ್ಣಗಾದರೆ ದೇಹ ಒಳಗಿನ ಅಂಗಗಳನ್ನು ಉಳಿಸಿಕೊಳ್ಳಲು ಕೈಕಾಲಿನ ರಕ್ತನಾಳ ಕಿರಿದು ಮಾಡುತ್ತದೆ. ಆಗ ಎಂಥ ಗ್ಲೌಸ್ ಹಾಕಿದರೂ ಅದರೊಳಗೆ ಬಿಸಿಯೇ ಬರುವುದಿಲ್ಲ. ಎದೆ, ಕತ್ತು ಸರಿಮಾಡಿದ ಮೇಲೆ ಗ್ಲೌಸ್ ನೋಡಿ. ಗಾಳಿ ಹೋಗದಂಥದ್ದು, ಮಣಿಕಟ್ಟು ಮುಚ್ಚುವಷ್ಟು ಉದ್ದದ್ದು, ಬೆರಳ ತುದಿಯಲ್ಲಿ ಚೂರು ಜಾಗ ಇರುವಂಥದ್ದು. ಕೊಳ್ಳುವ ಮುಂಚೆ ಹಾಕಿಕೊಂಡು ಮುಷ್ಟಿ ಕಟ್ಟಿ ನೋಡಿ. ನಿಮ್ಮ ಬೈಕಿನ ಮೇಲೆ ಕೂತು ಬ್ರೇಕ್, ಕ್ಲಚ್, ಇಂಡಿಕೇಟರ್ ಎಲ್ಲ ಒತ್ತಿ ನೋಡಿ. ಹ್ಯಾಂಡಲಿಗೆ ಕೈ ಮುಂದೆ ಗಾಳಿ ತಡೆಯುವ ಪ್ಲಾಸ್ಟಿಕ್ ಗಾರ್ಡ್ ಹಾಕಿಸಿದರೆ ಅರ್ಧ ಕೆಲಸ ಮುಗಿದ ಹಾಗೆ.

ದಾರಿಯಲ್ಲಿ ಒಂದು ಪರೀಕ್ಷೆ ಮಾಡಿಕೊಳ್ಳಿ. 25 ಕಿಲೋಮೀಟರಿಗೆ ಒಮ್ಮೆ ನಿಲ್ಲಿಸಿ, ಗ್ಲೌಸ್ ತೆಗೆದು, ಹೆಬ್ಬೆರಳನ್ನು ಅದೇ ಕೈಯ ಕಿರುಬೆರಳ ತುದಿಗೆ ಮುಟ್ಟಿಸಿ. ಆಗಲಿಲ್ಲ ಅಂದರೆ ಆ ಕೈಯಲ್ಲಿ ಬ್ರೇಕ್ ಹಿಡಿಯಲೂ ಆಗುವುದಿಲ್ಲ. ಅಲ್ಲೇ ನಿಲ್ಲಿ. ತೋಳನ್ನು ಚಕ್ರದ ಹಾಗೆ ಜೋರಾಗಿ ತಿರುಗಿಸಿ, ರಕ್ತ ಬೆರಳ ತುದಿಗೆ ಬರುತ್ತದೆ. ಕೈಯನ್ನು ಕಂಕುಳಲ್ಲಿ ಇಟ್ಟುಕೊಳ್ಳಿ. ಮೈ ನಡುಗುತ್ತಿದ್ದರೆ ಒಳಗೆಲ್ಲಾದರೂ ಬೆಚ್ಚಗಿರುವ ಕಡೆ ಕೂರಬೇಕು. ನಡುಕ ತಾನಾಗಿ ನಿಂತು ನಿದ್ದೆ ಬಂದ ಹಾಗೆ ಆದರೆ ವಾಸಿಯಾಯಿತು ಅಂದುಕೊಳ್ಳಬೇಡಿ. ಅದು ಇನ್ನೂ ಕೆಟ್ಟದ್ದು. ದೇಹದ ಒಳಗಿನ ಉಷ್ಣ 35 ಡಿಗ್ರಿಗಿಂತ ಇಳಿದರೆ ಆಸ್ಪತ್ರೆಯ ವಿಷಯ ಅದು.

ವೈಸರ್ ಹಬೆಗೆ: ನಿಧಾನ ಹೋಗುವಾಗ ಒಂದು ಕಚ್ಚು ಮೇಲೆ ಎತ್ತಿ. ಒಳಗಡೆ ಪಿನ್ನಿಗೆ ಸಿಕ್ಕಿಸುವ ಪಿನ್‌ಲಾಕ್ ಹಾಳೆ ಸಿಗುತ್ತದೆ. ಎರಡು ಪದರದ ನಡುವೆ ಗಾಳಿ ಇರುವುದರಿಂದ ಉಸಿರಿನ ತೇವ ಅಲ್ಲಿ ಹಬೆ ಕಟ್ಟುವುದಿಲ್ಲ. ವೈಸರ್ ಮೇಲೆ ಗೀರು ಬಿದ್ದಿದ್ದರೆ ಬದಲಾಯಿಸಿಬಿಡಿ. ಕತ್ತಲಲ್ಲಿ ಎದುರಿನ ಲೈಟ್ ಬಿದ್ದಾಗ ಗೀರೆಲ್ಲ ಹೊಳೆದು ಏನೂ ಕಾಣುವುದಿಲ್ಲ.

ಬಿಸಿಲಿನ ಬಗ್ಗೆ ರಾತ್ರಿ ಬರೆಯುತ್ತೇನೆ. ಅದು ಸ್ವಲ್ಪ ಉದ್ದ ಇದೆ. ಅಲ್ಲಿಯವರೆಗೆ ಒಂದೇ ಮಾತು: ಜಾಕೆಟ್ ಬಿಚ್ಚಬೇಡಿ.

ಪ್ರಶ್ನೆ ಕೇಳಿದವರು

ಇಷ್ಟು ವಿವರವಾಗಿ ಯಾರೂ ಹೇಳಿರಲಿಲ್ಲ, ತುಂಬ ಥ್ಯಾಂಕ್ಸ್ ಸರ್. ಒಂದು ಡೌಟು. ಕೈ ಮರಗಟ್ಟಿದಾಗ ನಾನು ನಿಲ್ಲಿಸಿ ಇಂಜಿನ್ ಮೇಲೆ ಕೈ ಇಡುತ್ತೇನೆ. ಅದು ಸರಿ ಅಲ್ವಾ? ಇನ್ನೊಂದು, ಹ್ಯಾಂಡಲ್ ಬಿಸಿಯಾಗುವ ಗ್ರಿಪ್ ಹಾಕಿಸಬಹುದಾ? ನನ್ನದು ಸಣ್ಣ ಬೈಕ್, 125 ಸಿಸಿ.

ಉತ್ತರ 3

ನಾನು ಬೈಕ್ ರಿಪೇರಿ ಕೆಲಸದವನು. ಗ್ರಿಪ್ ವಿಷಯಕ್ಕೆ ಉತ್ತರ ಹೇಳುತ್ತೇನೆ. ಬಿಸಿ ಗ್ರಿಪ್ ಒಂದು ಜೊತೆ ಹೆಚ್ಚುಕಡಿಮೆ 30–40 ವಾಟ್ ಎಳೆಯುತ್ತದೆ. ಸಣ್ಣ ಬೈಕಿನ ಆಲ್ಟರ್ನೇಟರ್ ಮಾಡುವ ಕರೆಂಟ್ ಲೈಟಿಗೂ ಇಗ್ನಿಷನ್ನಿಗೂ ಹೋದ ಮೇಲೆ ಜಾಸ್ತಿ ಉಳಿಯುವುದಿಲ್ಲ. ಮೊದಲು ಮೀಟರ್ ಇಟ್ಟು ನೋಡಿಸಿ. ಇಂಜಿನ್ ಓಡುವಾಗ, ಹೆಡ್‌ಲೈಟ್ ಉರಿಯುವಾಗ, ಗ್ರಿಪ್ ಹಾಕಿದಾಗಲೂ ಬ್ಯಾಟರಿಯಲ್ಲಿ 13.5 ವೋಲ್ಟಿಗಿಂತ ಮೇಲೆ ತೋರಿಸಿದರೆ ಭಯ ಇಲ್ಲ. ಅದಕ್ಕಿಂತ ಇಳಿದರೆ ದಿನಾ ಸ್ವಲ್ಪ ಸ್ವಲ್ಪ ಬ್ಯಾಟರಿ ಖಾಲಿಯಾಗುತ್ತದೆ. ಚಳಿಯಲ್ಲಿ ಬ್ಯಾಟರಿ ಮೊದಲೇ ಸೋತಿರುತ್ತದೆ, ಒಂದು ಬೆಳಿಗ್ಗೆ ಸ್ಟಾರ್ಟ್ ಆಗುವುದಿಲ್ಲ. ಹಾಕಿಸಿದರೆ ಕೀ ತೆಗೆದಾಗ ಆಫ್ ಆಗುವ ಹಾಗೆ ರಿಲೇ, ಫ್ಯೂಸ್ ಸಮೇತ ಹಾಕಿಸಿ.

ಆದರೆ ನಿಮ್ಮ ಕ್ಲಚ್ ಕಥೆ ಓದಿದಾಗ ನನಗೆ ಬರಿ ಚಳಿ ಅನಿಸಲಿಲ್ಲ. ಕ್ಲಚ್ ಕೇಬಲ್ ನೋಡಿಸಿದ್ದೀರಾ? ಒಣಗಿದ ಕೇಬಲ್ ಬಿಗಿಯಾಗಿರುತ್ತದೆ. ಬೆಚ್ಚಗಿನ ಕೈ ಅದನ್ನು ಎಳೆದುಬಿಡುತ್ತದೆ, ಗೊತ್ತಾಗುವುದಿಲ್ಲ. ಮರಗಟ್ಟಿದ ಕೈಗೆ ಆಗುವುದಿಲ್ಲ. ಲಿವರ್ ಹತ್ತಿರದ ತುದಿಯಲ್ಲಿ ತಂತಿಯ ಎಳೆ ಬಿಟ್ಟಿದೆಯಾ ನೋಡಿ. ಲಿವರ್ ಹ್ಯಾಂಡಲಿಗೆ ದೂರ ಇದ್ದರೆ ದಪ್ಪ ಗ್ಲೌಸಿನಲ್ಲಿ ಸಿಗುವುದಿಲ್ಲ. ಕೆಲವು ಬೈಕಿನಲ್ಲಿ ಹತ್ತಿರ ಮಾಡಿಕೊಳ್ಳುವ ಸ್ಕ್ರೂ ಇರುತ್ತದೆ.

ಟೈರ್ ಗಾಳಿಯನ್ನೂ ಮರೆಯಬೇಡಿ. 10 ಡಿಗ್ರಿ ವ್ಯತ್ಯಾಸಕ್ಕೆ ಸುಮಾರು 1.5 ಪಿಎಸ್ಐ ಏರುತ್ತದೆ, ಇಳಿಯುತ್ತದೆ. ಬೆಳಿಗ್ಗೆ 8ಕ್ಕೂ ಮಧ್ಯಾಹ್ನ 33ಕ್ಕೂ ಲೆಕ್ಕ ಹಾಕಿ, 3–4 ಪಿಎಸ್ಐ ಆಯಿತು. ಗಾಳಿ ನೋಡುವುದು ಟೈರ್ ತಣ್ಣಗಿರುವಾಗ, ಬೈಕ್ ಓಡಿಸುವ ಮುಂಚೆ. ಮಧ್ಯಾಹ್ನ ಜಾಸ್ತಿ ತೋರಿಸಿತು ಅಂತ ಗಾಳಿ ಹೊರಗೆ ಬಿಟ್ಟರೆ ಮಾರನೇ ದಿನ ಬೆಳಿಗ್ಗೆ ಕಡಿಮೆ ಗಾಳಿಯಲ್ಲಿ ಹೊರಡುತ್ತೀರಿ. ತಣ್ಣಗಿನ ಟೈರ್ ಹಿಡಿತ ಕಡಿಮೆ, ಮೊದಲ ಕೆಲವು ಕಿಲೋಮೀಟರ್ ಬಗ್ಗಿಸಬೇಡಿ, ಜೋರಾಗಿ ಬ್ರೇಕ್ ಹಾಕಬೇಡಿ. ಬಿಸಿಲಲ್ಲಿ ರಸ್ತೆಯ ಬಿರುಕಿಗೆ ಡಾಂಬರು ಸುರಿದಿರುತ್ತಾರಲ್ಲ, ಆ ಕಪ್ಪು ಪಟ್ಟಿ ಕಾದು ಜಾರುತ್ತದೆ. ಅದರ ಮೇಲೆ ಬೈಕ್ ಬಗ್ಗಿಸಬೇಡಿ.

ಉತ್ತರ 2

ಕೇಬಲ್ ವಿಷಯ ನನಗೆ ಹೊಳೆದೇ ಇರಲಿಲ್ಲ. ಒಳ್ಳೆ ಮಾತು.

ಇಂಜಿನ್ ಮೇಲೆ ಕೈ ಇಡುವುದನ್ನು ಇವತ್ತೇ ಬಿಡಿ. ಮರಗಟ್ಟಿದ ಬೆರಳಿಗೆ ಸುಡುವುದು ತಿಳಿಯುವುದಿಲ್ಲ. ನನ್ನ ಜೊತೆ ಬಂಡಲ್ ಸಾಗಿಸುತ್ತಿದ್ದ ಹುಡುಗನೊಬ್ಬ ಹಾಗೇ ಇಟ್ಟು, ಕೈ ಬೆಚ್ಚಗಾದ ಮೇಲೆ ನೋಡಿದರೆ ಎರಡು ಬೆರಳ ತುದಿ ಬೊಬ್ಬೆ ಎದ್ದಿತ್ತು. ಕಂಕುಳೇ ಸಾಕು.

ಈಗ ಬಿಸಿಲು. ವೇಗವಾಗಿ ಹೋದರೆ ತಂಪು ಅಂತ ಮೇಲೆ ಒಬ್ಬರು ಹೇಳಿದರು. 30 ಡಿಗ್ರಿಯಲ್ಲಿ ಅದು ನಿಜ. ನಮ್ಮ ಚರ್ಮದ ಬಿಸಿ ಸುಮಾರು 35. ಗಾಳಿ ಅದಕ್ಕಿಂತ ತಣ್ಣಗಿದ್ದರೆ ಮೈಯಿಂದ ಬಿಸಿ ಒಯ್ಯುತ್ತದೆ. 35 ದಾಟಿತೋ, ಗಾಳಿ ಮೈಗೆ ಬಿಸಿ ತುಂಬಲು ಶುರು ಮಾಡುತ್ತದೆ. 42 ಡಿಗ್ರಿಯಲ್ಲಿ 80ರ ವೇಗದಲ್ಲಿ ಹೋಗುವುದು ಅಂದರೆ ಕೂದಲು ಒಣಗಿಸುವ ಮಿಷನ್ ಮುಂದೆ ಕೂತ ಹಾಗೆ. ಆಮೇಲೆ ನಮ್ಮನ್ನು ಕಾಯುವುದು ಬೆವರು ಒಂದೇ. ಒಂದು ಲೀಟರ್ ಬೆವರು ಆರಿದರೆ ಮೈಯಿಂದ ಸುಮಾರು 580 ಕಿಲೋ ಕ್ಯಾಲರಿ ಬಿಸಿ ಹೋಗುತ್ತದೆ, ದೊಡ್ಡ ಲೆಕ್ಕ ಅದು. ಆದರೆ ಬರಿ ಶರ್ಟಿನಲ್ಲಿ ಹೋದರೆ ಬೆವರು ಬಂದ ಕ್ಷಣವೇ ಆರಿಹೋಗುತ್ತದೆ. ಮೈ ಒಣಗಿರುತ್ತದೆ, ಬೆವರೇ ಬಂದಿಲ್ಲ ಅನಿಸುತ್ತದೆ, ನೀರು ಕುಡಿಯುವುದಿಲ್ಲ. ಒಳಗೆ ನೀರು ಖಾಲಿಯಾಗುತ್ತಿರುತ್ತದೆ. ನನಗೆ ಹೀಗೇ ಆಗಿ, ಮನೆ ತಲುಪಿ ಸ್ಟ್ಯಾಂಡ್ ಹಾಕಿದ ತಕ್ಷಣ ವಾಂತಿ ಆಯಿತು. ಸುಡುವ ಬಿಸಿಲಲ್ಲಿ ಮೈ ಜುಮ್ಮೆಂದು ಚಳಿ ಬಂತು. ಆ ದಿನ 2 ಗಂಟೆ ಎಲ್ಲೂ ನಿಲ್ಲಿಸಿರಲಿಲ್ಲ.

ಹಾಗಾಗಿ ಈಗ 33 ಇರುವಾಗ ಜಾಳಿಗೆಯಂಥ ಮೆಶ್ ಜಾಕೆಟ್ ಚೆನ್ನಾಗಿ ನಡೆಯುತ್ತದೆ. ಗಾಳಿ ಒಳಗೆ ಬರುತ್ತದೆ. ಭುಜ, ಮೊಣಕೈ, ಬೆನ್ನಿಗೆ ಗಟ್ಟಿ ಪ್ಯಾಡ್ ಇರುವಂಥದ್ದು ನೋಡಿ. ತಿಳಿ ಬಣ್ಣದ್ದಾದರೆ ಬಿಸಿಲು ಕಡಿಮೆ ಹೀರುತ್ತದೆ, ಬೇರೆಯವರ ಕಣ್ಣಿಗೂ ಬೀಳುತ್ತೀರಿ. 38–40 ಆದ ಮೇಲೆ ನಾನು ಉಲ್ಟಾ ಮಾಡುತ್ತೇನೆ. ಎದೆಯ ಜಿಪ್ ಕಿಂಡಿಗಳನ್ನು ಹೆಚ್ಚುಕಡಿಮೆ ಮುಚ್ಚಿ, ಕತ್ತು ಮತ್ತು ತೋಳಿನ ತುದಿಯಲ್ಲಿ ಮಾತ್ರ ಚೂರು ಬಿಡುತ್ತೇನೆ. ಒಳಗಿನ ಬನಿಯನ್ ನೀರಲ್ಲಿ ಅದ್ದಿ ಹಿಂಡಿ ಹಾಕಿಕೊಳ್ಳುತ್ತೇನೆ. ಜಾಕೆಟ್ ಮೇಲೆ ಇರುವುದರಿಂದ ನೀರು ನಿಧಾನ ಆರುತ್ತದೆ, ತಂಪು ಜಾಸ್ತಿ ಹೊತ್ತು ಬರುತ್ತದೆ. ಕತ್ತಿನ ಪಟ್ಟಿಯನ್ನೂ ಒದ್ದೆ ಮಾಡಿ. ಗಾಳಿ ಒಣಗಿದ್ದರೆ ಮಾತ್ರ ಇದು ಕೆಲಸ ಮಾಡುತ್ತದೆ. ಜಿಗುಟು ಸೆಕೆಯಲ್ಲಿ ನೀರು ಆರುವುದೇ ಇಲ್ಲ, ಮೈ ಬೇಯುತ್ತದೆ. ಅಂಥ ದಿನ ಹೊತ್ತು ಬದಲಾಯಿಸುವುದು, ಮತ್ತೆ ಮತ್ತೆ ನೆರಳಲ್ಲಿ ನಿಲ್ಲುವುದು ಬಿಟ್ಟರೆ ಬೇರೆ ದಾರಿ ಇಲ್ಲ.

ನೀರು. ನೀವು ಮನೆಗೆ ಬಂದು ಕುಡಿಯುತ್ತೀರಿ ಅಂತ ಕಾಣುತ್ತದೆ. ಹೊರಡುವ ಮುಂಚೆ ಅರ್ಧ ಲೀಟರ್ ನಿಧಾನವಾಗಿ ಕುಡಿದಿರಬೇಕು. ದಾರಿಯಲ್ಲಿ 20 ನಿಮಿಷಕ್ಕೊಮ್ಮೆ ಒಂದು ಲೋಟದಷ್ಟು. ಬಾಯಾರಿಕೆ ಆಗಲಿ ಅಂತ ಕಾಯಬೇಡಿ. ಹಾಗಂತ ಒಂದು ಗಂಟೆಗೆ ಒಂದೂವರೆ ಲೀಟರ್ ದಾಟಿಸಬೇಡಿ, ಅದೂ ಕೆಡುಕು. ಮೂತ್ರ ಗಾಢ ಹಳದಿ ಇದ್ದರೆ ನೀರು ಸಾಲುತ್ತಿಲ್ಲ ಅಂತ ಅರ್ಥ. ಇಡೀ ದಿನ ಬಿಸಿಲಲ್ಲಿ ಓಡಿಸುವುದಿದ್ದರೆ ಓಆರ್‌ಎಸ್ ಪುಡಿ ಒಂದು ಪೊಟ್ಟಣ ಜೇಬಿನಲ್ಲಿ ಇರಲಿ, ಬೆವರಿನ ಜೊತೆ ಉಪ್ಪೂ ಹೋಗಿರುತ್ತದೆ.

ಜಾಕೆಟ್ ಬಿಚ್ಚಬೇಡಿ ಅಂದಿದ್ದಕ್ಕೆ ಇನ್ನೊಂದು ಕಾರಣ ನಿಮಗೇ ಗೊತ್ತು. ಬಿದ್ದರೆ ಡಾಂಬರು ಉಜ್ಜುವುದು ಶರ್ಟನ್ನಲ್ಲ, ಚರ್ಮವನ್ನು. ನಾನು ಬಿದ್ದ ದಿನ ಮೂಳೆ ಮುರಿದರೂ ಮೈ ಮೇಲೆ ಒಂದು ತರಚು ಗಾಯ ಇರಲಿಲ್ಲ. ಜಾಕೆಟ್ ತೋಳು ಮಾತ್ರ ಹರಿದು ಚಿಂದಿಯಾಗಿತ್ತು.

ತಲೆ ಸುತ್ತಿದರೆ ನಿಲ್ಲಿಸಿದ್ದು ಸರಿ ಮಾಡಿದ್ದೀರಿ. ನೆರಳಿಗೆ ಹೋಗಿ, ಹೆಲ್ಮೆಟ್ ಜಾಕೆಟ್ ತೆಗೆದು, ತಲೆ ಕತ್ತಿಗೆ ನೀರು ಸುರಿದುಕೊಳ್ಳಿ. ಜೊತೆಗಿರುವವರು ಯಾರಾದರೂ ತೊದಲಿದರೆ, ಏನೇನೋ ಮಾತಾಡಿದರೆ, ಮೈ ಕೆಂಡದ ಹಾಗೆ ಸುಡುತ್ತಿದ್ದರೆ ಆಂಬುಲೆನ್ಸಿಗೆ ಫೋನ್ ಮಾಡಿ, ಅದು ಬರುವವರೆಗೆ ಮೈಗೆ ನೀರು ಸುರಿದು ಗಾಳಿ ಬೀಸುತ್ತಲೇ ಇರಿ. ಎಚ್ಚರ ತಪ್ಪಿದವರ ಬಾಯಿಗೆ ನೀರು ಹಾಕಬಾರದು.

ಪ್ರಶ್ನೆ ಕೇಳಿದವರು (16 ದಿನದ ನಂತರ)

ಎಲ್ಲರಿಗೂ ಹೇಳಬೇಕು ಅಂತ ಬಂದೆ. ಮೊದಲ ದಿನ ಏನೂ ಕೊಳ್ಳಲಿಲ್ಲ. ಸ್ವೆಟರ್ ಒಳಗೆ, ಮಳೆ ಜಾಕೆಟ್ ಹೊರಗೆ, ಎದೆಗೆ ಪತ್ರಿಕೆ. ಅರ್ಧ ದಾರಿಯಲ್ಲಿ ಪೆಟ್ರೋಲ್ ಬಂಕ್ ಹತ್ತಿರ ನಿಲ್ಲಿಸಿ ಹೆಬ್ಬೆರಳು ಕಿರುಬೆರಳಿಗೆ ಮುಟ್ಟಿಸಿದೆ, ಮುಟ್ಟಿತು. ಬೆರಳ ತುದಿ ತಣ್ಣಗಿತ್ತು, ಆದರೆ ನನ್ನ ಮಾತು ಕೇಳುತ್ತಿತ್ತು. ಆಮೇಲೆ ಉದ್ದನೆಯ ಗ್ಲೌಸ್ ಮತ್ತು ಕೈ ಗಾರ್ಡ್ ಹಾಕಿಸಿದೆ. ಬಿಸಿ ಗ್ರಿಪ್ ಬೇಕಾಗಲಿಲ್ಲ.

ಕ್ಲಚ್ ಕೇಬಲ್ ತೆಗೆಸಿ ನೋಡಿದರೆ ಲಿವರ್ ಹತ್ತಿರ ಮೂರು ಎಳೆ ಕಿತ್ತು ಹೊರಗೆ ಬಂದಿತ್ತು. ಕೈಯಲ್ಲಿ ಹಿಡಿದು ನೋಡಿ ಎದೆ ಧಸಕ್ ಎಂದಿತು. ಹೊಸದು ಹಾಕಿದ ಮೇಲೆ ಎರಡು ಬೆರಳಲ್ಲಿ ಹಿಡಿಯಬಹುದು. ಉತ್ತರ 3ರವರಿಗೆ ಕೈ ಮುಗಿಯುತ್ತೇನೆ.

ಮಧ್ಯಾಹ್ನ ಹೊರಡುವ ಮುಂಚೆ ನೀರು ಕುಡಿಯುವುದು ಅಭ್ಯಾಸವಾಗಿದೆ, ತಲೆನೋವು ಬಂದಿಲ್ಲ. ಮೆಶ್ ಜಾಕೆಟ್ ಮುಂದಿನ ತಿಂಗಳು ಕೊಳ್ಳುತ್ತೇನೆ. ಈಗ ಉಳಿದದ್ದು ಒಂದೇ ಪ್ರಶ್ನೆ. ಬೆಳಿಗ್ಗೆ ಹಾಕಿಕೊಂಡ ಸ್ವೆಟರ್, ಮಳೆ ಜಾಕೆಟ್ ಎಲ್ಲ ಮಧ್ಯಾಹ್ನ ಎಲ್ಲಿ ಇಡಲಿ? ಈಗ ಚೀಲದಲ್ಲಿ ಹಾಕಿ ಹ್ಯಾಂಡಲಿಗೆ ನೇತುಹಾಕುತ್ತಿದ್ದೇನೆ.

ಉತ್ತರ 2

ಓದಿ ಮನಸ್ಸಿಗೆ ಸಮಾಧಾನ ಆಯಿತು. ಹ್ಯಾಂಡಲಿಗೆ ಮಾತ್ರ ಬೇಡ, ತಿರುಗಿಸುವಾಗ ಎಳೆಯುತ್ತದೆ. ಹಿಂದಿನ ಸೀಟಿನ ಮೇಲೆ ಚೀಲ ಅಡ್ಡ ಮಲಗಿಸಿ ಎರಡು ಪಟ್ಟಿಯಿಂದ ಬಿಗಿಯಿರಿ. ಪಟ್ಟಿಯ ಉಳಿದ ತುದಿಯನ್ನು ಗಂಟು ಹಾಕಿ ಒಳಗೆ ತುರುಕಿ, ಚೈನ್ ಕಡೆಗೆ ಇಳಿಬಿಡಬೇಡಿ. ಹೊರಟು 5 ಕಿಲೋಮೀಟರ್ ಆದ ಮೇಲೆ ಒಮ್ಮೆ ನಿಲ್ಲಿಸಿ ಕೈಯಿಂದ ಎಳೆದು ನೋಡಿ, ಅಷ್ಟರಲ್ಲಿ ಒಂದು ಸಲ ಸಡಿಲ ಆಗಿರುತ್ತದೆ.